ಬೇಸ್‌ಮೆಂಟಿನ ಎಸ್‌ಟಿಪಿ, ಎರಡು ಕಂಪನಿ, ಒಂದು ಗಾಜಿನ ಜಾಡಿ: ನನ್ನ ಮೂರೂವರೆ ಸ್ಟಾರ್

ಊಟ ಮಾಡ್ತಾ ಫೋನ್ ನೋಡುವ ಅಭ್ಯಾಸ ಇರುವವರು ಇದನ್ನು ಆಮೇಲೆ ಓದಿ. ನಾನು ಬರೆಯುತ್ತಿರುವುದು ಎಸ್‌ಟಿಪಿ ಬಗ್ಗೆ. ನಮ್ಮ ಅಪಾರ್ಟ್‌ಮೆಂಟಿನ 96 ಮನೆಗಳ ಬಚ್ಚಲು, ಸಿಂಕು, ಕಕ್ಕಸಿನ ನೀರನ್ನೆಲ್ಲ ಶುದ್ಧ ಮಾಡಿ ಫ್ಲಶ್ಶಿಗೂ ಗಿಡಗಳಿಗೂ ವಾಪಸ್ ಕೊಡುವ ಘಟಕ ಅದು. ಅದನ್ನು ನಡೆಸುವ ಗುತ್ತಿಗೆಯನ್ನು ಇದುವರೆಗೆ ಎರಡು ಕಂಪನಿಗಳಿಗೆ ಕೊಟ್ಟಿದ್ದೇವೆ. ಇಬ್ಬರ ಹೆಸರೂ ಹೇಳುವುದಿಲ್ಲ. ಮೊದಲನೆಯವರ ಹೆಸರು ಹೇಳಿದರೆ ಜಗಳ, ಎರಡನೆಯವರದು ಹೇಳಿದರೆ ಜಾಹೀರಾತು ಅಂತೀರಿ.

ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು. ರಿಟೈರ್ ಆದ ಮೇಲೆ ಮಗನ ಮನೆಗೆ ಬಂದೆ. ಬೆಂಗಳೂರಿನ ಪೂರ್ವಕ್ಕೆ, ಬೆಳ್ಳಂದೂರು ವರ್ತೂರು ಕಡೆ. ಬಂದ ವರ್ಷವೇ ಸಂಘದ ಮೀಟಿಂಗಿನಲ್ಲಿ ಸುಮ್ನೆ ಇರಲಾರದೆ ಒಂದು ಪ್ರಶ್ನೆ ಕೇಳಿಬಿಟ್ಟೆ. "ನಮ್ಮ ಎಸ್‌ಟಿಪಿ ನೀರಿನ ಬಿಒಡಿ ಎಷ್ಟು ಬರ್ತಿದೆ?" ಎಲ್ಲರೂ ನನ್ನ ಕಡೆ ತಿರುಗಿದರು. ಟೀ ಬರುವಷ್ಟರಲ್ಲಿ ಎಸ್‌ಟಿಪಿ ಉಸ್ತುವಾರಿ ನನ್ನ ತಲೆಗೆ ಬಂದಿತ್ತು. ಮೀಟಿಂಗಿನಲ್ಲಿ ಬಾಯಿ ಬಿಟ್ಟವರ ಗತಿ ಎಲ್ಲಾ ಕಡೆ ಇದೇ ಅಲ್ವಾ.

ಈ ಯಂತ್ರ ನಮ್ಮ ಬೇಸ್‌ಮೆಂಟಿಗೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬಿಲ್ಡರ್ ಪ್ರೀತಿಯಿಂದ ಹಾಕಿಕೊಟ್ಟದ್ದಲ್ಲ, ಕಾನೂನು ಹಾಕಿಸಿದ್ದು. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೊಳಚೆ ನೀರು ಹೊರಗೆ ಬಿಡುವವರು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮ ಅಳೆಯುವ) ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ನಮ್ಮದು 19,400. ಬಿಲ್ಡರಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು ಅಂತ ಕಾಣುತ್ತದೆ. ಆದರೆ ಮಂಡಳಿಯ ಒಪ್ಪಿಗೆ ಪತ್ರದಿಂದ ತಪ್ಪಿಸಿಕೊಳ್ಳಲು ಆಗಿಲ್ಲ. ಅಪಾರ್ಟ್‌ಮೆಂಟಿನವರೆಲ್ಲ ಅದನ್ನು ಸಿಎಫ್‌ಒ ಅನ್ನುತ್ತಾರೆ. ನಮ್ಮ ಪತ್ರದಲ್ಲಿ ಒಂದು ಸಾಲಿದೆ: ಶುದ್ಧವಾದ ನೀರಿನ ಬಿಒಡಿ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು.

ಬಿಒಡಿ ಅಂದರೆ ದೊಡ್ಡ ವಿಷಯವೇನಲ್ಲ. ನೀರಿನ ಗಲೀಜನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ ಅನ್ನುವ ಲೆಕ್ಕ. ಮನೆಯಿಂದ ಬರುವ ಕೊಳಚೆಯಲ್ಲಿ ಅದು 200, 300 ಇರುತ್ತದೆ. ಅದನ್ನು ಹಾಗೇ ಕೆರೆಗೆ ಬಿಟ್ಟರೆ ಕೆರೆಯ ಆಮ್ಲಜನಕವೆಲ್ಲ ಅದಕ್ಕೇ ಖರ್ಚು. ಮೀನು ತೇಲುತ್ತದೆ.

2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರುತ್ತಿದ್ದುದು ನಿಮಗೆ ನೆನಪಿರಬಹುದು. ಮಗ ಆಗ ಸ್ಕೂಟರಿಗೆ ನೊರೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಎಲ್ಲರೂ ಫ್ಯಾಕ್ಟರಿಗಳನ್ನು ಬೈದರು. ಆ ನೊರೆಯಲ್ಲಿ ಹೆಚ್ಚಿನದು ನಮ್ಮ ಮನೆಗಳದೇ ಕೊಳಚೆ, ನಮ್ಮದೇ ಸೋಪಿನ ಪುಡಿ. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಕೇಸ್ ತೆಗೆದುಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿ, ಕೆರೆ ಸರಿಪಡಿಸಲು 500 ಕೋಟಿ ತೆಗೆದಿಡಿ ಅಂದಿತು. ದೊಡ್ಡ ಮೊತ್ತ. ಪೇಪರಿನಲ್ಲಿ ಓದಿ ನನಗೂ ಖುಷಿಯಾಗಿತ್ತು. ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಆಗ ಕೇಳಿಕೊಂಡಿರಲಿಲ್ಲ.

ಈಗ ಮೊದಲನೇ ಕಂಪನಿ. ತಿಂಗಳಿಗೆ 38,000 ರೂಪಾಯಿ. ಒಬ್ಬ ಆಪರೇಟರ್, ತಿಂಗಳಿಗೊಂದು ಲ್ಯಾಬ್ ರಿಪೋರ್ಟ್, ವರ್ಷಕ್ಕೊಮ್ಮೆ ಕ್ಯಾಲೆಂಡರ್. ಕ್ಯಾಲೆಂಡರ್ ಚೆನ್ನಾಗಿರುತ್ತಿತ್ತು.

ಉಸ್ತುವಾರಿ ಸಿಕ್ಕ ಮೇಲೆ ಹಳೇ ರಿಪೋರ್ಟುಗಳ ಫೈಲ್ ತರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡೆ. ಬಿಒಡಿ 7, 8, 7, 8. ಮಾರ್ಕ್ಸ್ ಕಾರ್ಡಿನಷ್ಟು ಚೆಂದ. ಒಂದು ರಿಪೋರ್ಟಿನ ತಾರೀಖಿನ ಮೇಲೆ ಕಣ್ಣು ನಿಂತಿತು. ಸ್ಯಾಂಪಲ್ ತೆಗೆದದ್ದು 11ನೇ ತಾರೀಖು, ರಿಪೋರ್ಟ್ ಕೊಟ್ಟದ್ದು 12. ನಮ್ಮ ದೇಶದಲ್ಲಿ ಬಿಒಡಿ ನೋಡುವುದು ಹೇಗೆ ಗೊತ್ತಾ? ನೀರನ್ನು ಬಾಟಲಿಯಲ್ಲಿ ತುಂಬಿ 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಆಮೇಲೆಯೇ ಲೆಕ್ಕ. ಇವರ ಲ್ಯಾಬಿನಲ್ಲಿ ಮೂರು ದಿನ ಒಂದೇ ರಾತ್ರಿಯಲ್ಲಿ ಕಳೆದಿತ್ತು. ಹಿಂದಿನ ಒಂಬತ್ತು ರಿಪೋರ್ಟ್ ನೋಡಿದೆ. ಆರರಲ್ಲಿ ಇದೇ ಕಥೆ.

ಮರುದಿನ ಕೆಳಗಿಳಿದು ಲಾಗ್‌ಬುಕ್ ತೆಗೆದೆ. ಹಿಂದಿನ ತಿಂಗಳು ಬ್ಲೋವರ್ ಮೋಟರ್ ಸುಟ್ಟು ನಾಲ್ಕು ದಿನ ವೈಂಡಿಂಗ್‌ಗೆ ಹೋಗಿತ್ತು. ಬಿಲ್ ನಾನೇ ಪಾಸ್ ಮಾಡಿದ್ದೆ. ಬ್ಲೋವರ್ ಅಂದರೆ ಟ್ಯಾಂಕಿನ ತಳದಿಂದ ಗಾಳಿ ಊದುವ ಯಂತ್ರ. ಅದಿಲ್ಲದೆ ನೀರಿಗೆ ಆಮ್ಲಜನಕ ಇಲ್ಲ. ಲಾಗ್‌ಬುಕ್ಕಿನಲ್ಲಿ ಆ ನಾಲ್ಕು ದಿನವೂ ಆಮ್ಲಜನಕ 2.1, ಪಿಎಚ್ 7.2 ಅಂತ ಬರೆದಿತ್ತು. ಒಂದೇ ಪೆನ್ನು, ಒಂದೇ ಓರೆ. ರೆಕಾರ್ಡ್ ಬುಕ್ ತಿದ್ದಿ ಸವೆದ ಕಣ್ಣು ನನ್ನದು. ಪ್ರಾಕ್ಟಿಕಲ್ ಮಾಡದೆ ರೀಡಿಂಗ್ ಬರೆದ ಹುಡುಗರನ್ನು ಎಷ್ಟು ಜನರನ್ನು ನೋಡಿಲ್ಲ.

ನ್ಯಾಯವಾಗಿ ಹೇಳಬೇಕು, ತಪ್ಪು ಕಂಪನಿಯದ್ದು ಮಾತ್ರ ಆಗಿರಲಿಲ್ಲ. ಬ್ಲೋವರ್ ಸದ್ದಿಗೆ ನಿದ್ದೆ ಬರಲ್ಲ ಅಂತ ಮೊದಲ ಮಹಡಿಯವರು ದೂರು ಕೊಟ್ಟಿದ್ದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆಫ್ ಮಾಡಿ ಅಂತ ನಮ್ಮ ಸಂಘವೇ ಬರೆದು ಕೊಟ್ಟಿತ್ತು. ಕಂಪನಿಯವರಿಗೆ ಅದೇ ಬೇಕಿತ್ತು. ರಾತ್ರಿ ಆಪರೇಟರ್ ಸಂಬಳ ಉಳಿಯಿತಲ್ಲ. ಎಂಟು ಗಂಟೆ ಗಾಳಿ ಇಲ್ಲದಿದ್ದರೆ ಟ್ಯಾಂಕಿನೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ. ಬೇರೆ ಜಾತಿಯವು ತಲೆ ಎತ್ತುತ್ತವೆ. ಅವು ಬಿಡುವುದು ವಾಸನೆ, ಜೊತೆಗೆ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುವ ಅನಿಲ ಅದು. ಮೊದಲ ಮಹಡಿಯವರ ನಿದ್ದೆಗೂ ಭೂಮಿಯ ಬಿಸಿಗೂ ಸಂಬಂಧ ಇದೆ ಅಂತ ಮೀಟಿಂಗಿನಲ್ಲಿ ಹೇಳಿದೆ. ಯಾರಿಗೂ ಇಷ್ಟವಾಗಲಿಲ್ಲ.

ದೊಡ್ಡ ಕಳ್ಳತನ ಸಿಕ್ಕಿದ್ದು ಆಮೇಲೆ. ಫೆಬ್ರವರಿಯ ಒಂದು ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟಿದ್ದೆ. ಕಾಂಪೌಂಡಿನ ಹಿಂದಿನ ಮಳೆನೀರಿನ ಮೋರಿ ತುಂಬಿ ಹರಿಯುತ್ತಿತ್ತು. ಮಳೆ ಬಂದು ಎರಡು ತಿಂಗಳಾಗಿತ್ತು. ಬಗ್ಗಿ ನೋಡಿದೆ. ಬೂದು ಬಣ್ಣ, ಮೇಲೆ ಸಣ್ಣ ನೊರೆ, ಕೊಳೆತ ಮೊಟ್ಟೆಯ ವಾಸನೆ. ಮೋರಿಯ ಗುಂಟ ಹಿಂದಕ್ಕೆ ನಡೆದೆ. ಗೋಡೆಯಿಂದ ಒಂದು ನಾಲ್ಕಿಂಚಿನ ಪಿವಿಸಿ ಪೈಪ್ ಹೊರಗೆ ಬಂದಿತ್ತು. ಅದರ ಮುಂದೆ ದಾಸವಾಳದ ಗಿಡ ನೆಟ್ಟಿದ್ದರು. ಗಿಡ ಮಾತ್ರ ಸೊಂಪಾಗಿತ್ತು.

ಕೆಳಗೆ ಹೋದರೆ ಮೊದಲನೇ ಟ್ಯಾಂಕಿಗೇ ಒಂದು ವಾಲ್ವ್. ರಾತ್ರಿ ಬ್ಲೋವರ್ ನಿಂತಾಗ ಟ್ಯಾಂಕ್ ತುಂಬುತ್ತದೆ, ತುಂಬಿದರೆ ಈ ವಾಲ್ವ್ ತೆಗೆಯುವುದು. ಅಷ್ಟೇ ಕೆಲಸ. ನೀರು ಮೋರಿಗೆ, ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಎಂಟು ತಿಂಗಳಿಂದ ನಾವೇ ಕೆರೆಗೆ ಕೊಳಚೆ ಬಿಡುತ್ತಿದ್ದೆವು. ತಿಂಗಳಿಗೆ 38,000 ಕೊಟ್ಟು.

ಕಂಪನಿಯ ಮ್ಯಾನೇಜರ್ ಬಂದ. "ಎಲ್ಲಾ ಅಪಾರ್ಟ್‌ಮೆಂಟಲ್ಲೂ ಹೀಗೇ ಮೇಡಂ. ಟೆನ್ಷನ್ ಮಾಡ್ಕೋಬೇಡಿ" ಅಂದ. ತಂಗಿಯ ಮಗಳು ವಕೀಲೆ. ಅವಳಿಗೆ ಗುತ್ತಿಗೆ ಕರಾರಿನ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ದೊಡ್ಡಮ್ಮ, ಕಾನೂನು ಪಾಲನೆ ಸಂಪೂರ್ಣವಾಗಿ ಗ್ರಾಹಕರ ಜವಾಬ್ದಾರಿ ಅಂತ ಬರೆದಿದೆ. ನೀವು ಸೈನ್ ಹಾಕಿದ್ದೀರಿ. ಸಿಎಫ್‌ಒ ಯಾರ ಹೆಸರಲ್ಲಿದೆ?" ನಮ್ಮ ಸಂಘದ ಹೆಸರಿನಲ್ಲಿ. "ಹಾಗಾದ್ರೆ ಮಂಡಳಿ ಬಂದು ಹಿಡಿಯೋದು ನಿಮ್ಮನ್ನೇ. ಕೆಲಸ ಗುತ್ತಿಗೆಗೆ ಕೊಡಬಹುದು ದೊಡ್ಡಮ್ಮ, ಹೊಣೆ ಕೊಡೋಕಾಗಲ್ಲ."

ಅಂಥ ಕಡೆ ಕರೆಂಟು, ನೀರು ಕತ್ತರಿಸಿ ಅನ್ನುವ ಅಧಿಕಾರವೂ ಮಂಡಳಿಗೆ ಇದೆಯಂತೆ. ಜಲ ಕಾಯ್ದೆಯ 33ಎ ಸೆಕ್ಷನ್. ಆ ರಾತ್ರಿ ನನಗೆ ಬ್ಲೋವರ್ ಸದ್ದಿಲ್ಲದಿದ್ದರೂ ನಿದ್ದೆ ಬರಲಿಲ್ಲ.

ಸಂಘದಲ್ಲಿ ಎರಡು ಗುಂಪಾಯಿತು. ಸುಮ್ನೆ ವಾಲ್ವ್ ಮುಚ್ಚಿ ಬಾಯಿ ಮುಚ್ಚಿಕೊಳ್ಳೋಣ ಅಂದವರು ಕೆಲವರು. ಪೈಪ್ ಕತ್ತರಿಸಿ, ಕಾಂಕ್ರೀಟ್ ತುಂಬಿ, ತಾರೀಖು ಸಮೇತ ಫೋಟೋ ತೆಗೆದು ಫೈಲ್ ಮಾಡೋಣ ಅಂದವಳು ನಾನು. ಕೊನೆಗೆ ನನ್ನದೇ ನಡೆಯಿತು. ಒಳ್ಳೆಯದಾಯಿತು. ಅಕ್ಕಪಕ್ಕದವರು ಯಾರೋ ಅಷ್ಟರಲ್ಲೇ ದೂರು ಕೊಟ್ಟಿದ್ದರು. ಮುಂದಿನ ತಿಂಗಳು ನೋಟಿಸ್ ಬಂತು, ಇನ್‌ಸ್ಪೆಕ್ಷನ್ ಆಯಿತು. ಪೈಪ್ ಮುಚ್ಚಿದ ಫೋಟೋ ಕೈಯಲ್ಲಿತ್ತು, ಆದರೂ ಸ್ಯಾಂಪಲ್ಲಿನ ಬಿಒಡಿ 34 ಬಂತು. ಸರಿಪಡಿಸಿಕೊಳ್ಳಲು ಸಮಯ ಸಿಕ್ಕಿತು.

ಆ ಕಂಪನಿಯನ್ನು ಬಿಡಿಸಲು ಇಷ್ಟೇ ಸಾಕಿತ್ತು. ಆದರೆ ನಾನು ಅರ್ಧ ಸ್ಟಾರ್ ಕೂಡ ಕೊಡದೆ ಇರುವುದಕ್ಕೆ ಕಾರಣ ಬೇರೆ. ನೋಟಿಸ್ ಬಂದ ಮೇಲೆ ಅವಸರದಲ್ಲಿ ಕ್ಲೀನ್ ಮಾಡಿಸಲು ಮ್ಯಾನೇಜರ್ ಇಪ್ಪತ್ತು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದ. ನಾನು ಇಳಿಯುವಷ್ಟರಲ್ಲಿ ಹುಡುಗನ ಸೊಂಟಕ್ಕೆ ನೈಲಾನ್ ಹಗ್ಗ ಕಟ್ಟಿ, ಕೈಗೆ ಬಕೆಟ್ ಕೊಟ್ಟು, ಕೆಸರಿನ ಟ್ಯಾಂಕಿನ ಬಾಯಿಯಲ್ಲಿ ನಿಲ್ಲಿಸಿದ್ದ. ಒಂದು ಕಾಲು ಏಣಿಯ ಮೇಲಿತ್ತು. ನಾನು ಕಿರುಚಿದ ಸದ್ದು ಮೂರನೇ ಮಹಡಿಗೆ ಕೇಳಿತಂತೆ.

ಆ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಾಲೇಜಿನಲ್ಲಿ ಕಿಪ್ಸ್ ಉಪಕರಣದಲ್ಲಿ ನಾನೇ ಎಷ್ಟೋ ಸಲ ಮಾಡಿದ ಅನಿಲ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಮೂಗು ಸತ್ತು ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಅಂತ ಧೈರ್ಯವಾಗಿ ಇಳಿದವರೇ ಸಾಯುವುದು. ಸುರಕ್ಷತೆಯ ಸಲಕರಣೆ ಇಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆಯೇ ನಿಷೇಧಿಸಿದೆ. ಇಂಥ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶ ಕೊಟ್ಟಿತು. ಹುಡುಗನನ್ನು ಮೇಲೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟೆ. ಇಳಿದಿದ್ದರೆ ಅವನಿಗೆ 800 ರೂಪಾಯಿ ಸಿಗುತ್ತಿತ್ತಂತೆ. ಆ ದುಡ್ಡು ನಾನೇ ಕೊಟ್ಟು ಕಳಿಸಿದೆ. ಮ್ಯಾನೇಜರಿಗೆ ಕಾಫಿ ಕೊಡಲಿಲ್ಲ.

ಎರಡನೇ ಕಂಪನಿ 2022ರ ಮಾರ್ಚಿನಲ್ಲಿ ಬಂತು. ತಿಂಗಳಿಗೆ 56,000. ಮೀಟಿಂಗಿನಲ್ಲಿ ಗಲಾಟೆಯೋ ಗಲಾಟೆ. ಕಕ್ಕಸಿನ ನೀರಿಗೆ ಇಷ್ಟೊಂದಾ ಅಂತ. ಒಂದು ಮನೆಗೆ ತಿಂಗಳಿಗೆ 188 ರೂಪಾಯಿ ಜಾಸ್ತಿ ಆಯಿತು. ಎರಡು ಮಸಾಲೆ ದೋಸೆ.

ಈ ಕಂಪನಿಯ ನಿಜವಾದ ಆಸ್ತಿ ಅವರ ಆಪರೇಟರ್. ರಾಯಚೂರು ಕಡೆಯ ಹುಡುಗ, ಐಟಿಐ ಓದಿದವನು. ಬಂದ ಮೊದಲ ದಿನವೇ ಒಂದು ಲೀಟರಿನ ಗಾಜಿನ ಜಾಡಿ ತೊಳೆದು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟ. ಗಾಳಿ ಊದುವ ಟ್ಯಾಂಕಿನಿಂದ ನೀರು ತುಂಬಿಸಿ ಗಡಿಯಾರ ನೋಡಿದ. "ಅರ್ಧ ತಾಸು ಕುಂದ್ರ್ರೀ ಅಮ್ಮಾರ" ಅಂದ. ಕೂತೆ.

ಆ ಅರ್ಧ ಗಂಟೆಯಲ್ಲಿ ನೋಡಿದ್ದನ್ನು ಪಾಠ ಮಾಡುವ ದಿನಗಳಲ್ಲಿ ನೋಡಿದ್ದರೆ ನಾನು ಇನ್ನೂ ಒಳ್ಳೆ ಟೀಚರ್ ಆಗಿರುತ್ತಿದ್ದೆ. ಮೊದಲು ಜಾಡಿ ಪೂರ್ತಿ ಕಂದು. ಐದು ನಿಮಿಷಕ್ಕೆ ಕಂದು ಬಣ್ಣ ಸಣ್ಣ ಸಣ್ಣ ಹಿಂಜಿದ ಹತ್ತಿಯಂತೆ ಗುಂಪಾಗತೊಡಗಿತು. ಆಮೇಲೆ ನಿಧಾನವಾಗಿ ಇಳಿಯಿತು, ರಾಗಿ ಅಂಬಲಿ ಪಾತ್ರೆಯಲ್ಲಿ ಕೆಳಗೆ ಕೂತು ಮೇಲೆ ತಿಳಿ ನಿಲ್ಲುವ ಹಾಗೆ. ಆ ಕಂದು ಹಿಂಜಲೆಲ್ಲ ಬ್ಯಾಕ್ಟೀರಿಯಾ. ಅರ್ಧ ಗಂಟೆಗೆ ಅದು 300 ಮಿಲಿಯ ಗೆರೆಯ ಹತ್ತಿರ ನಿಂತರೆ ಘಟಕ ಆರೋಗ್ಯವಾಗಿದೆ. ನಮ್ಮದು ಆವತ್ತು 90ಕ್ಕೆ ನಿಂತಿತು. ಮೇಲಿನ ನೀರು ಮಬ್ಬು. "ಹುಳಾನೇ ಇಲ್ರೀ ಇದರಾಗ" ಅಂದ. ಮಾರನೇ ದಿನ ಹಸುವಿನ ಸಗಣಿ ತಂದು ಕಲಸಿ ಹಾಕಿದ. ಬೇರೊಂದು ಒಳ್ಳೆ ಘಟಕದಿಂದ ಒಂದು ಟ್ಯಾಂಕರ್ ಕೆಸರು ತಂದು ಹೆಪ್ಪು ಹಾಕಿದ. ಹೆಪ್ಪು ಅನ್ನುವ ಮಾತು ಅವನದೇ. ಐದು ವಾರಕ್ಕೆ ಜಾಡಿ 280 ತೋರಿಸಿತು.

ಬ್ಲೋವರಿಗೆ ಸದ್ದು ತಡೆಯುವ ಡಬ್ಬಿ ಹಾಕಿಸಿದೆವು. 62,000 ಖರ್ಚು. ಈಗ ಇಪ್ಪತ್ತನಾಲ್ಕು ಗಂಟೆ ಓಡುತ್ತದೆ, ಕರೆಂಟ್ ಬಿಲ್ ಜಾಸ್ತಿ ಬರುತ್ತದೆ. ಗಾಳಿ ಊದಲೂ ಕರೆಂಟು ಬೇಕು, ಆ ಕರೆಂಟಿನಲ್ಲಿ ಕಲ್ಲಿದ್ದಲೂ ಇದೆ ಅನ್ನುವ ಲೆಕ್ಕ ನನಗೆ ಗೊತ್ತು. ಅದಕ್ಕೇ ಟೆರೇಸಿನ ಮೇಲೆ ಸೋಲಾರ್ ಹಾಕಿ ಅಂತ ಮೂರು ವರ್ಷದಿಂದ ಕೇಳುತ್ತಿದ್ದೇನೆ. ಮಕ್ಕಳು ಕ್ರಿಕೆಟ್ ಆಡುವ ಜಾಗ ಹೋಗುತ್ತದಂತೆ.

ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ. ಕೊಳಚೆ ಕಡಿಮೆಯಾಗುತ್ತದೆ. ಆಗ ಹುಡುಗ ಬಂದು "ಅಮ್ಮಾರ, ಮಂದಿ ಊರಿಗೆ ಹೋಗ್ಯಾರ, ಹುಳಾ ಉಪವಾಸ ಬಿದ್ದಾವ್ರೀ" ಅನ್ನುತ್ತಾನೆ. ಬಕೆಟ್ಟಿನಲ್ಲಿ ಬೆಲ್ಲ ಕರಗಿಸಿ ಹಾಕುತ್ತಾನೆ. ದೀಪಾವಳಿಗೆ ಇದರ ಉಲ್ಟಾ. ನರಕ ಚತುರ್ದಶಿಯ ದಿನ 96 ಮನೆಯವರೂ ಎಣ್ಣೆ ಸ್ನಾನ ಮಾಡುತ್ತಾರಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಮೊದಲನೇ ಟ್ಯಾಂಕಿನ ಮೇಲೆ ಎಣ್ಣೆ ಪದರ ಕಾಮನಬಿಲ್ಲಿನ ಹಾಗೆ ಹೊಳೆಯುತ್ತದೆ. ಎರಡು ದಿನ ಫ್ಲಶ್ ನೀರು ತಿಳಿ ಚಹಾದ ಬಣ್ಣ. ಎಣ್ಣೆ ಒರೆಸಿಕೊಂಡು ಸ್ನಾನ ಮಾಡಿ ಅಂತ ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದೆ. ಯಾರೋ ಅದರ ಕೆಳಗೆ "ಧರ್ಮಕ್ಕೆ ಕೈ ಹಾಕಬೇಡಿ" ಅಂತ ಬರೆದರು.

ಲ್ಯಾಬ್ ರಿಪೋರ್ಟ್ ಈಗ ನಾಲ್ಕೈದು ದಿನಕ್ಕೆ ಬರುತ್ತದೆ. ಬರಬೇಕಾದದ್ದೂ ಅಷ್ಟು ದಿನಕ್ಕೇ. ಲ್ಯಾಬನ್ನು ಆರಿಸುವುದು ನಾವು, ದುಡ್ಡು ಕೊಡುವುದೂ ನಾವು, ಬಾಟಲಿಯನ್ನು ಐಸ್ ಡಬ್ಬಿಯಲ್ಲಿ ಇಡುವಾಗ ನಾನು ಪಕ್ಕದಲ್ಲೇ ಇರುತ್ತೇನೆ. 6, 9, 8, ಒಮ್ಮೆ 14. ಆ 14ನ್ನು ಅವರು ಮುಚ್ಚಿಡಲಿಲ್ಲ. ಯಾರೋ ಪೇಂಟಿಂಗ್ ಮಾಡಿಸಿ ಥಿನ್ನರನ್ನು ಸಿಂಕಿಗೆ ಸುರಿದಿದ್ದರು. ಕಂಪನಿಯವರು ನನಗೆ ಫೋನ್ ಮಾಡಿ ತಾವೇ ಹೇಳಿದರು. ನನ್ನ ಮಟ್ಟಿಗೆ ಒಂದು ಸ್ಟಾರ್ ಅದಕ್ಕೇ.

ಇನ್ನೊಂದು ಸ್ಟಾರ್ 2022ರ ಸೆಪ್ಟೆಂಬರಿಗೆ. ಔಟರ್ ರಿಂಗ್ ರೋಡ್ ಮುಳುಗಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ವಾರ. ನಮ್ಮ ಬೇಸ್‌ಮೆಂಟಿಗೆ ಮೂರಡಿ ನೀರು ನುಗ್ಗಿತ್ತು. ಹಿಂದಿನ ರಾಜಕಾಲುವೆ ಉಕ್ಕಿತ್ತು. ಆ ರಾಜಕಾಲುವೆಯ ಕಥೆಯಲ್ಲೂ ಕಾನೂನಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಏನೂ ಕಟ್ಟಬೇಡಿ ಅಂದಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನಿನಲ್ಲಿ ಇರುವ ಅಳತೆಯನ್ನು ನ್ಯಾಯಮಂಡಳಿ ಬದಲಿಸಲು ಬರುವುದಿಲ್ಲ ಅಂತ. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ನೀರಿಗೆ ಮಾಸ್ಟರ್ ಪ್ಲಾನ್ ಓದಲು ಬರುವುದಿಲ್ಲವಲ್ಲ.

ಮೋಟರುಗಳೆಲ್ಲ ನೀರಿನೊಳಗೆ. ಬಚ್ಚಲಿಗೆ ಒಂದು ತಂಬಿಗೆ ನೀರು ಸುರಿಯಲೂ ಭಯ. ಹುಡುಗ ಟ್ರ್ಯಾಕ್ಟರ್ ಹತ್ತಿ ಬಂದ, ಹಿಂದೆ ಇಬ್ಬರು ಮೆಕ್ಯಾನಿಕ್. ಒಂಬತ್ತು ದಿನ ಹನಿ ಸಕ್ಕರ್ ಲಾರಿ ಕರೆಸಿ ಕೊಳಚೆ ಸಾಗಿಸಿದೆವು. ದಾಸವಾಳದ ಗಿಡದ ಹಿಂದಿನ ಹಳೇ ಪೈಪನ್ನು ಒಡೆದುಬಿಟ್ಟರೆ ಎಲ್ಲಾ ಸಲೀಸು ಅಂತ ಸಂಘದ ಹಿರಿಯರೊಬ್ಬರು ಹೇಳಿದರು. ಸುತ್ತಲೂ ನೀರೇ ಇರುವಾಗ ಯಾರಿಗೆ ಗೊತ್ತಾಗುತ್ತಿತ್ತು ಹೇಳಿ. ಕಂಪನಿಯ ಎಂಜಿನಿಯರ್ ಒಪ್ಪಲಿಲ್ಲ. "ಸಿಎಫ್‌ಒ ನಿಮ್ಮದು ಸರ್, ಹೆಸರು ನಮ್ದು" ಅಂದ. ಈಗ ಪ್ಯಾನಲ್ ಬೋರ್ಡನ್ನು ಗೋಡೆಯ ಮೇಲೆ ಐದೂವರೆ ಅಡಿಗೆ ಏರಿಸಿದ್ದಾರೆ. ಅದನ್ನು ಮುಟ್ಟಲು ನನಗೆ ಸ್ಟೂಲ್ ಬೇಕು.

2024ರ ಬೇಸಿಗೆ ಇದರ ಇನ್ನೊಂದು ಮುಖ ತೋರಿಸಿತು. ಬೋರ್‌ವೆಲ್ ಬತ್ತಿತು, ಟ್ಯಾಂಕರಿನವರು ಫೋನ್ ತೆಗೆಯುತ್ತಿರಲಿಲ್ಲ. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನಮ್ಮಲ್ಲಿ ಫ್ಲಶ್, ಗಿಡ, ಕಾರು, ನೆಲ ಒರೆಸುವುದು ಎಲ್ಲ ಬೇಸ್‌ಮೆಂಟಿನ ನೀರಿನಲ್ಲೇ ನಡೆಯಿತು. ದಿನಕ್ಕೆ ಎರಡು ಟ್ಯಾಂಕರ್ ಉಳಿಯಿತು. 188 ರೂಪಾಯಿಗೆ ಗಲಾಟೆ ಮಾಡಿದವರು ಆ ತಿಂಗಳು ಲಿಫ್ಟಿನಲ್ಲಿ ನನಗೆ ನಮಸ್ಕಾರ ಹೇಳಿದರು.

ತಂಗಿಯ ಮಗಳು ಮುಂದಿನ ತಿಂಗಳು, ಏಪ್ರಿಲಿನಲ್ಲಿ ಬಂದಿದ್ದಳು. ಸುಪ್ರೀಂ ಕೋರ್ಟಿನ ಹೊಸ ತೀರ್ಪಿನ ಬಗ್ಗೆ ಉತ್ಸಾಹದಿಂದ ಹೇಳಿದಳು. ಕೇಸು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯದು, ರಾಜಸ್ಥಾನ, ಗುಜರಾತಿನ ವಿದ್ಯುತ್ ತಂತಿಗಳಿಗೆ ಸಿಕ್ಕಿ ಸಾಯುತ್ತದಲ್ಲ, ಅದು. ನಮ್ಮ ಸಿರುಗುಪ್ಪ ಕಡೆಯೂ ಕೆಲವೇ ಕೆಲವು ಉಳಿದಿವೆಯಂತೆ. ಆ ಕೇಸಿನಲ್ಲೇ ಕೋರ್ಟು ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಯಿಂದ ಬರುವ ಹಕ್ಕು ಅಂದಿತು. "ಹವಾಮಾನಕ್ಕೇ ಅಂತ ನಮ್ಮಲ್ಲಿ ಒಂದು ಪ್ರತ್ಯೇಕ ಕಾಯ್ದೆ ಇಲ್ಲ ದೊಡ್ಡಮ್ಮ, ಇನ್ಮೇಲೆ ಬರಬಹುದು" ಅಂದಳು.

ಬರಲಿ. ನನಗೆ ಮಾತ್ರ ಆ 1974ರ ಹಳೇ ಕಾಯ್ದೆಯ ಮೇಲೆ ಗೌರವ ಜಾಸ್ತಿ. ಅದನ್ನು ಬರೆದವರು ಹವಾಮಾನ ಬದಲಾವಣೆ ಅನ್ನುವ ಮಾತನ್ನೇ ಬಳಸಿರಲಿಲ್ಲ. ಆದರೆ ಅದರ ಕೆಳಗೆ ನಮಗೆ ಒಂದು ಪತ್ರ ಬಂತು, ಪತ್ರದಲ್ಲಿ 10 ಅನ್ನುವ ಒಂದು ಅಂಕಿ ಇತ್ತು. ಮ್ಯಾನೇಜರಿಗೆ ನಾನು ಕೆರೆ, ಮೀನು, ಮುಂದಿನ ಪೀಳಿಗೆ ಅಂದಾಗಲೆಲ್ಲ ನಗುತ್ತಿದ್ದ. 10ರ ಜಾಗದಲ್ಲಿ 34 ಇದೆ ಅಂದಾಗ ಬಾಯಿ ಕಟ್ಟಿತು. ನನ್ನಂಥ ರಿಟೈರ್ ಆದ ಟೀಚರಿಗೆ ಜಗಳ ಮಾಡಲು ಅಷ್ಟು ಸಾಕು. ಆ ಅಂಕಿಯ ಹಿಂದೆ ಭಯವೂ ಇರಬೇಕು ಅನ್ನುವುದು ಬೇರೆ ಮಾತು. 2024ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದು ಹಲವು ತಪ್ಪುಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷದವರೆಗೆ ದಂಡ ಅಂತಾಯಿತು. ರಾಜ್ಯಗಳು ಒಪ್ಪಿಕೊಂಡ ಕಡೆ ಅದು ಜಾರಿ. 10,000 ಅಂದರೆ ನಮ್ಮ ಮೊದಲನೇ ಕಂಪನಿಗೆ ಕ್ಯಾಲೆಂಡರ್ ಪ್ರಿಂಟ್ ಮಾಡಿಸಿದ ಖರ್ಚು.

ಎರಡನೇ ಕಂಪನಿಗೆ ಐದು ಸ್ಟಾರ್ ಯಾಕೆ ಇಲ್ಲ ಅಂತ ಕೇಳುತ್ತೀರಿ. ಭಾನುವಾರ ಫೋನ್ ಎತ್ತುವುದಿಲ್ಲ. ಕೊಳಚೆಗೆ ಭಾನುವಾರ ಗೊತ್ತಾ? ಬಿಡಿಭಾಗಕ್ಕೆ ಹಾಕುವ ಬೆಲೆ ನೋಡಿ ನಾನೇ ಎಸ್‌ಪಿ ರೋಡಿನಲ್ಲಿ ವಿಚಾರಿಸಿಕೊಂಡು ಬಂದೆ. 3,400ರ ಪಂಪ್ ಸೀಲಿಗೆ 5,900 ಬರೆದಿದ್ದರು. ಕೇಳಿದಾಗ ಇಳಿಸಿದರು. ಕೇಳಬೇಕಾಗಿ ಬಂದದ್ದಕ್ಕೆ ಒಂದು ಸ್ಟಾರ್ ಹೋಯಿತು. ಕಾರ್ಬನ್ ಫಿಲ್ಟರಿನ ಇದ್ದಿಲು ಬದಲಿಸುವ ತಾರೀಖು ಎರಡು ಸಲ ಮರೆತರು, ಅದಕ್ಕೆ ಅರ್ಧ.

ನೀವೂ ಇಂಥ ಗುತ್ತಿಗೆ ಮಾಡಿಕೊಳ್ಳುವವರಾದರೆ ಕರಾರಿನಲ್ಲಿ ಹೊಣೆ ಯಾರದ್ದು ಅನ್ನುವ ಸಾಲನ್ನು ಮೊದಲು ಹುಡುಕಿ. ನಾವು ಈ ಸಲ ಬಿಒಡಿ 10 ದಾಟಿದ ತಿಂಗಳು ಶೇಕಡ 20 ಕಡಿತ ಅಂತ ಬರೆಸಿದ್ದೇವೆ. ಮನುಷ್ಯರನ್ನು ಟ್ಯಾಂಕಿಗೆ ಇಳಿಸಿದರೆ ಅವತ್ತೇ ಗುತ್ತಿಗೆ ರದ್ದು. ಆಮೇಲೆ, ವಾರಕ್ಕೊಮ್ಮೆಯಾದರೂ ನೀವೇ ಕೆಳಗಿಳಿದು ಜಾಡಿಯ ಮುಂದೆ ಅರ್ಧ ಗಂಟೆ ಕೂತು ಬನ್ನಿ. ನಾನು ಹೆಣಿಗೆ ತೆಗೆದುಕೊಂಡು ಹೋಗುತ್ತೇನೆ.

ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ. ಶೇಕಡ 8 ಜಾಸ್ತಿ ಕೇಳುತ್ತಿದ್ದಾರೆ, ನಾನು 5ಕ್ಕೆ ನಿಂತಿದ್ದೇನೆ. ಬಹುಶಃ ಆರೂವರೆಗೆ ಒಪ್ಪುತ್ತೇನೆ. ರಾಯಚೂರಿನ ಹುಡುಗನನ್ನು ಬೇರೆ ಕಡೆ ಕಳಿಸಬಾರದು ಅನ್ನುವ ಷರತ್ತಿನ ಮೇಲೆ.